ಸಂದಿಲ್ಲದ ಮಂಚ

ಕುಂದಾಪುರದ ಕಡೆಯ ನಮ್ಮ ಹಳೆಯ ಮನೆಯಲ್ಲಿ, ವರ್ಷಕ್ಕೊಮ್ಮೆ, ಮಳೆಗಾಲ ಕಾಲಿಡುವುದಕ್ಕೆ ಮುನ್ನ ಅಂಗಳದ ಮಣ್ಣು ಕಾದ ಕಾವಲಿಯಂತಿರುವ ಒಂದು ಮಧ್ಯಾಹ್ನ, ಒಳಕೋಣೆಯ ಹಲಸಿನ ಮರದ ಮಂಚವನ್ನು ನಾಲ್ವರು ಹಿಡಿದು ಹೊರಗೆ ತಂದು, ಮಗುಚಿ ಹಾಕಿ, ಬಚ್ಚಲ ಹಂಡೆಯಲ್ಲಿ ಕುದಿಸಿದ ನೀರನ್ನು ಚೊಂಬುಚೊಂಬಾಗಿ ಅದರ ಸಂದುಸಂದುಗಳಿಗೆ ಹೊಯ್ಯುವುದೊಂದು ಪದ್ಧತಿಯಿತ್ತು. ಕಾಲೂ ಪಟ್ಟಿಯೂ ಕೂಡುವೆಡೆಯಲ್ಲಿ, ಆಚಾರಿಯು ಎಷ್ಟೇ ಬಿಗಿಯಾಗಿ ಕೂಡಿಸಿದ್ದರೂ, ನೂಲೆಳೆಯಷ್ಟು ಬಿರುಕು ಉಳಿದಿರುತ್ತಿತ್ತು. ಕುದಿನೀರು ಅಲ್ಲಿಗೆ ಇಳಿದೊಡನೆ ತಿಗಣೆಗಳು ಒಂದೊಂದಾಗಿ ತೇಲಿ ಹೊರಬರುತ್ತಿದ್ದವು. ಮಕ್ಕಳಾದ ನಾವು ಅವುಗಳನ್ನು ಎಣಿಸುತ್ತಿದ್ದೆವು. ಮಂಚದ ಹಲಗೆಯನ್ನು ಯಾರೂ ಅಷ್ಟಾಗಿ ಗಮನಿಸುತ್ತಿರಲಿಲ್ಲ. ಅದಕ್ಕೆ ಒದ್ದೆಬಟ್ಟೆಯ ಒಂದು ಸುತ್ತು ಸಾಕು. ಕಾಳಗವೆಲ್ಲ ಸಂದಿನೊಡನೆಯೇ ನಡೆಯುತ್ತಿತ್ತು.

ಆಸ್ಪತ್ರೆಯ ಪೀಠೋಪಕರಣಗಳ ವಿಚಾರವಾಗಿ ಬರೆಯಲು ಕುಳಿತಾಗ ಆ ಮಂಚವೇ ಮೊದಲು ನೆನಪಿಗೆ ಬಂದುದು ಅಕಾರಣವಲ್ಲ. ತಿಗಣೆಯು ಕಣ್ಣಿಗೆ ಕಾಣುವ ಪ್ರಾಣಿ. ಅಡಗಬೇಕಾದರೆ ಅದಕ್ಕೆ ನೂಲೆಳೆಯಷ್ಟಾದರೂ ಅಗಲದ ಬಿರುಕು ಬೇಕು. ಮನುಷ್ಯನ ಚರ್ಮದ ಮೇಲೆಯೂ ಮೂಗಿನ ಹೊಳ್ಳೆಯೊಳಗೂ ನಿರುಪದ್ರವಿಯಾಗಿ ವಾಸಿಸುತ್ತಿದ್ದು, ಗಾಯಕ್ಕೆ ಇಳಿದರೆ ಕೀವನ್ನೂ ನೆತ್ತರಿಗೆ ಇಳಿದರೆ ಪ್ರಾಣಾಪಾಯವನ್ನೂ ತರುವ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯವಾದರೋ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ವ್ಯಾಸದ ಗುಂಡು. ಒಂದು ತಲೆಗೂದಲಿನ ದಪ್ಪಕ್ಕೆ ಅಂಥ ಸುಮಾರು 70 ಗುಂಡುಗಳು ಸಾಲಾಗಿ ನಿಲ್ಲಬಲ್ಲವು. ಬಳೆಯ ಅಂಚು ತಗುಲಿ ಬಣ್ಣದ ಮೇಲೆ ಬಿದ್ದ ಗೀರು ನಮ್ಮ ಕಣ್ಣಿಗೆ ಗೀರು. ಅದಕ್ಕೆ ಅದೊಂದು ಕಣಿವೆ.

ಮೊದಲು ಕೈಯ ಕಥೆ. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸನೆಂಬ ವೈದ್ಯನು ಇತರ ವೈದ್ಯರಿಂದ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಿಸಿದಾಗ ಬಾಣಂತಿಯರ ಸಾವು ಇಳಿಯಿತು. ಆದರೆ ತೊಳೆದ ಕೈಯು ಗಾಳಿಯಲ್ಲಿ ತೂಗಾಡಿಕೊಂಡಿರುವ ವಸ್ತುವಲ್ಲವಷ್ಟೆ. ಅದು ಮರುಕ್ಷಣವೇ ಮಂಚದ ಕಂಬಿಯನ್ನು ಹಿಡಿಯುತ್ತದೆ, ಡ್ರಿಪ್ಪಿನ ಕಂಬವನ್ನು ಸರಿಸುತ್ತದೆ, ಲಾಕರಿನ ಹಿಡಿಯನ್ನು ಎಳೆಯುತ್ತದೆ, ಆಮೇಲೆ ರೋಗಿಯ ಗಾಯದ ಪಟ್ಟಿಯನ್ನು ಮುಟ್ಟುತ್ತದೆ. ಆ ಕಂಬಿಯ ಮೇಲೆ ಏನಿದ್ದೀತು? 2006ರಲ್ಲಿ ಜರ್ಮನಿಯ ಆಕ್ಸೆಲ್ ಕ್ರಾಮರ್ ಮತ್ತು ಸಂಗಡಿಗರು, ಅದುವರೆಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ, ಒಣಗಿದ ನಿರ್ಜೀವ ಮೇಲ್ಮೈಗಳ ಮೇಲೆ ರೋಗಾಣುಗಳು ಎಷ್ಟು ಕಾಲ ಜೀವ ಹಿಡಿದಿರಬಲ್ಲವೆಂಬುದನ್ನು ಪಟ್ಟಿಮಾಡಿದರು. ಮೇಲೆ ಹೇಳಿದ ಸ್ಟ್ಯಾಫಿಲೋಕಾಕಸ್ 7 ದಿನಗಳಿಂದ 7 ತಿಂಗಳವರೆಗೆ. ತೀವ್ರನಿಗಾ ಘಟಕಗಳನ್ನು ಕಾಡುವ ಅಸಿನೆಟೋಬ್ಯಾಕ್ಟರ್ 3 ದಿನಗಳಿಂದ 5 ತಿಂಗಳವರೆಗೆ. ಒಣಗಿದರೆ ಸತ್ತಿತು ಎಂಬ ನಮ್ಮ ಸಾಮಾನ್ಯ ನಂಬಿಕೆಯನ್ನು ಈ ಪಟ್ಟಿಯು ಅಲುಗಿಸಿಬಿಡುತ್ತದೆ. ಅದೇ ವರ್ಷ ಅಮೆರಿಕದ ಬೋಸ್ಟನ್ ನಗರದ ತೀವ್ರನಿಗಾ ಘಟಕಗಳಿಂದ ಬಂದ ಅಧ್ಯಯನವೊಂದು ಇನ್ನೂ ಹತ್ತಿರಕ್ಕೆ ಬಂದು ಮಾತಾಡಿತು: ಮೆಥಿಸಿಲಿನ್ ಔಷಧಕ್ಕೆ ಬಗ್ಗದ ಸ್ಟ್ಯಾಫಿಲೋಕಾಕಸ್ ತಗುಲಿದ್ದವನೊಬ್ಬನು ಬಿಟ್ಟುಹೋದ ಕೋಣೆಗೆ, ಅದನ್ನು ಶುಚಿಗೊಳಿಸಿದ ಮೇಲೆಯೇ ದಾಖಲಾದವರಲ್ಲಿ, ನೂರಕ್ಕೆ ಸುಮಾರು 4 ಮಂದಿಗೆ ಅದೇ ಅಣುಜೀವಿ ಅಂಟಿತು, ಬೇರೆ ಕೋಣೆಗಳಲ್ಲಿ ನೂರಕ್ಕೆ ಸುಮಾರು 3 ಮಂದಿಗೆ. ಅಂತರ ಅಲ್ಪವೆನ್ನಬಹುದು, ಆ ಹೆಚ್ಚಿನ ಒಬ್ಬನು ನಮ್ಮ ಮನೆಯವನಾಗಿದ್ದಲ್ಲಿ ಹಾಗೆನ್ನಲಾರೆವು.

ಇಲ್ಲೊಂದು ಎಚ್ಚರಿಕೆಯ ಮಾತನ್ನು ಹೇಳಿ ಮುಂದೆ ಹೋಗಬೇಕು. ಎಲ್ಲ ರೋಗವೂ ಕುರ್ಚಿಯ ಮೂಲಕ ಬರುವುದಿಲ್ಲ. ಕ್ಷಯವು ಗಾಳಿಯಲ್ಲಿ ತೇಲುವ ಕಣಗಳಿಂದ ಹರಡುವುದರಿಂದ ಅಲ್ಲಿ ಕಿಟಕಿಯು ಒರೆಸುವ ಬಟ್ಟೆಗಿಂತ ದೊಡ್ಡ ವೈದ್ಯ. 2020ರಲ್ಲಿ ಕೋವಿಡ್ ಬಂದಾಗ ನಾವೆಲ್ಲರೂ ಹಾಲಿನ ತೊಟ್ಟೆಯನ್ನು ಸಾಬೂನು ಹಚ್ಚಿ ತೊಳೆದು, ತರಕಾರಿಯನ್ನು ಜಗಲಿಯ ಮೇಲೆ ದಿನವಿಡೀ ಕ್ವಾರಂಟೈನಿನಲ್ಲಿಟ್ಟೆವು. ಮರುವರ್ಷ ಅಮೆರಿಕದ ರೋಗನಿಯಂತ್ರಣ ಕೇಂದ್ರವು, ವಸ್ತುವನ್ನು ಒಮ್ಮೆ ಮುಟ್ಟಿದ್ದರಿಂದ ಆ ರೋಗ ತಗುಲುವ ಸಂಭವ ಸಾಮಾನ್ಯವಾಗಿ 10,000ದಲ್ಲಿ ಒಂದಕ್ಕಿಂತಲೂ ಕಡಿಮೆಯೆಂದು ಅಂದಾಜು ಮಾಡಿತು. ಆ ಅಂದಾಜು ಬಂದ ಮೇಲೆ ಒರೆಸುವುದೇ ವ್ಯರ್ಥವೆಂದು ವಾದಿಸಿದವರೂ ಉಂಟು. ಅದು ಇನ್ನೊಂದು ತುದಿಯ ಅತಿರೇಕ. ಗಾಯ, ಮೂತ್ರದ ನಳಿಕೆ, ಭೇದಿ, ಇವುಗಳ ಜೊತೆಯಲ್ಲಿ ಬರುವ ಸೋಂಕುಗಳಿಗೆ ಮಂಚ, ಸ್ಟೂಲು, ಲಾಕರುಗಳು ನಿಜವಾಗಿಯೂ ದಾರಿಯಾಗುತ್ತವೆ.

ಈ ದಾರಿಯನ್ನು ಮುಚ್ಚುವ ಯತ್ನವು ರೋಗಾಣುವಿನ ಸಿದ್ಧಾಂತಕ್ಕಿಂತ ತುಸು ಹಿರಿಯದೆಂಬುದು ಚರಿತ್ರೆಯ ಒಂದು ವಿನೋದ. ಫ್ಲಾರೆನ್ಸ್ ನೈಟಿಂಗೇಲಳು 1859ರಲ್ಲಿ ಆಸ್ಪತ್ರೆಗಳ ರಚನೆಯನ್ನು ಕುರಿತು ಪುಸ್ತಕವನ್ನು ಬರೆದಾಗ, ದುರ್ಗಂಧದ ಗಾಳಿಯೇ ವ್ಯಾಧಿಯ ಮೂಲವೆಂದು ಆಕೆ ನಂಬಿದ್ದಳು. ಆದಾಗ್ಯೂ ಮರದ ಮಂಚ ಬೇಡ, ಕಬ್ಬಿಣದ್ದಿರಲಿ, ಗೋಡೆಯು ದ್ರವವನ್ನು ಹೀರದ ಗಾರೆಯದಿರಲಿ, ಧೂಳನ್ನು ಒಣಬಟ್ಟೆಯಿಂದ ಕೊಡವದೆ ಒದ್ದೆಬಟ್ಟೆಯಿಂದ ಒರೆಸಿ ಎಂದು ಆಕೆ ವಿಧಿಸಿದ್ದರಲ್ಲಿ ಒಂದೂ ತಪ್ಪಿಲ್ಲ. ಕಾರಣವು ತಪ್ಪಾಗಿ, ಕಾರ್ಯವು ಸರಿಯಾದ ಅಪರೂಪದ ಉದಾಹರಣೆಯಿದು. ಫಿನ್ಲೆಂಡಿನ ಪೈಮಿಯೋ ಎಂಬಲ್ಲಿ 1933ರಲ್ಲಿ ಪೂರ್ಣಗೊಂಡ ಕ್ಷಯಧಾಮವನ್ನು ಕಟ್ಟಿದ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಇನ್ನೂ ಮುಂದೆ ಹೋಗಿ, ರೋಗಿಗಳ ಬಟ್ಟೆಯ ಕಪಾಟುಗಳನ್ನು ನೆಲಕ್ಕೆ ಊರಿಸದೆ ಗೋಡೆಗೆ ತೂಗಿಸಿದನು, ಕೆಳಗೆ ಒರೆಸುವ ಕೈ ಸರಾಗವಾಗಿ ಹೋಗಿಬರಲೆಂದು. ಕುರ್ಚಿಯ ಆಸನವನ್ನೂ ಒರಗನ್ನೂ ಹೊಲಿಗೆಯಿಲ್ಲದೆ, ಮೆತ್ತೆಯಿಲ್ಲದೆ, ಬಾಗಿಸಿದ ಒಂದೇ ಹಾಳೆಯ ಪ್ಲೈವುಡ್ಡಿನಿಂದ ಮಾಡಿದನು. ಪೀಠವನ್ನು ಕೊಳ್ಳುವಾಗ ಅದರ ಬುಡವನ್ನು ನೋಡಬೇಕೆಂಬ ವಿವೇಕವು ಆ ಕಪಾಟಿನಲ್ಲಿದೆ.

ನಮ್ಮ ಕಡೆಗೆ ಬಂದರೆ, 1923ರಲ್ಲಿ ಡಾ. ಇವಾ ಲೊಂಬಾರ್ಡ್ ಉಡುಪಿಯಲ್ಲಿ ಮಿಷನ್ ಆಸ್ಪತ್ರೆಯನ್ನು ತೆರೆದ ಕಾಲಕ್ಕೂ, 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಕಾಲಕ್ಕೂ, ಬಾರಕೂರು, ಕೋಟ, ಗಂಗೊಳ್ಳಿ, ಶಿರೂರುಗಳ ಹೆಚ್ಚಿನ ಮನೆಗಳಲ್ಲಿ ಜನ ಮಲಗುತ್ತಿದ್ದುದು ಚಾಪೆಯ ಮೇಲೆ. ಚಾಪೆಗೆ ಕಾಲಿಲ್ಲ, ಕೀಲಿಲ್ಲ, ಅಡಿಯೆಂಬುದಿಲ್ಲ. ಬೆಳಗಾದೊಡನೆ ಸುರುಳಿಯಾಗಿ ಮೂಲೆ ಸೇರುವುದು, ಕೊಳೆಯಾದರೆ ಹೊಳೆಗೆ, ಹಳತಾದರೆ ಒಲೆಗೆ. ಹೆರಿಗೆಯ ಅಮೆ, ಎಂದರೆ ಸೂತಕ, ಕಳೆಯುವ ದಿನ ಬಾಣಂತಿಯ ಬಟ್ಟೆಯನ್ನು ಮಡಿವಾಳರಿಗೆ ಕೊಟ್ಟು, ಕೋಣೆಯನ್ನು ಸಗಣಿಯಿಂದ ಸಾರಿಸುವ ಆಚಾರದಲ್ಲಿ ವಿಜ್ಞಾನವೇ ಅಡಗಿತ್ತೆಂದು ಹೇಳುವ ಹಿರಿಯರಿದ್ದಾರೆ. ಬಟ್ಟೆಯ ಮಟ್ಟಿಗೆ ಅವರ ಮಾತನ್ನು ಒಪ್ಪುತ್ತೇನೆ. ಸಗಣಿಯ ಮಟ್ಟಿಗೆ ಒಪ್ಪಲಾರೆ, ಏಕೆಂದರೆ ಧನುರ್ವಾಯುವಿನ ಬೀಜಾಣುಗಳು ಇರುವ ಸ್ಥಾನಗಳಲ್ಲಿ ದನದ ಸಗಣಿಯೂ ಒಂದು. ಮಡಿಯೆಂಬುದೂ ರೋಗಾಣುರಹಿತ ಸ್ಥಿತಿಯೆಂಬುದೂ ಅಲ್ಲಲ್ಲಿ ಸಂಧಿಸುವ, ಆದರೆ ಬೇರೆಬೇರೆ ಊರಿಗೆ ಹೋಗುವ ಎರಡು ರಸ್ತೆಗಳು.

ಈಗ ನನ್ನ ಪಂಚೆಯ ಪ್ರಸಂಗವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಭಾವನವರ ಕಾಲಿನ ಹುಣ್ಣು ಉಲ್ಬಣಿಸಿ ಒಂದು ಆಸ್ಪತ್ರೆಯಲ್ಲಿ ಏಳು ರಾತ್ರಿ ಅವರ ಜೊತೆ ನಿಲ್ಲುವ ಕೆಲಸ ನನ್ನ ಪಾಲಿಗೆ ಬಂತು. ಜೊತೆಯವರಿಗೆಂದು ಮಂಚದ ಪಕ್ಕದಲ್ಲಿ ಹಸಿರು ರೆಕ್ಸಿನ್ನಿನ ಮೆತ್ತೆಯ ಬೆಂಚು ಇತ್ತು. ರೆಕ್ಸಿನ್ ಒಂದೆಡೆ ಹರಿದು, ಹರಿದುದರ ಮೇಲೆ ಯಾರೋ ಗಾಯಕ್ಕೆ ಅಂಟಿಸುವ ಪಟ್ಟಿಯನ್ನೇ ಅಂಟಿಸಿ, ಪಟ್ಟಿಯ ಅಂಚೆಲ್ಲ ಕರಿಗಟ್ಟಿ ಸುರುಳಿ ಎದ್ದಿತ್ತು. ನಾಲ್ಕನೆಯ ದಿನ ಬೆಳಗ್ಗೆ ನನ್ನ ಕೈತಪ್ಪಿ ಅರ್ಧ ಲೋಟ ಚಾ ಅದರ ಮೇಲೆ ಚೆಲ್ಲಿತು. ಆಯಾ ಬಂದು, ಬೈಯದೆ, ಬಟ್ಟೆಯಿಂದ ಒರೆಸಿ ಹೋದಳು. ಬೆಂಚು ಮೊದಲಿಗಿಂತ ಹೊಳೆಯಿತು. ಮತ್ತೆ ಗಂಟೆ ಕಳೆದು ನಾನು ಅಲ್ಲಿ ಕುಳಿತೆನಷ್ಟೆ, ಹೊಲಿಗೆಯ ಸಾಲಿನುದ್ದಕ್ಕೂ ಒಂದೊಂದು ಸೂಜಿತೂತಿನಿಂದ ಚಾ ಮೇಲಕ್ಕೆ ಒಸರಿ ಪಂಚೆಗೆ ಅಂಚು ಕಟ್ಟಿದಂತೆ ಕಲೆ ಮಾಡಿತು. ಮೇಲೆ ಒರೆಸಿದ್ದು ಮೇಲಷ್ಟೇ ಹೋಗಿತ್ತು. ಉಳಿದುದನ್ನು ಒಳಗಿನ ಸ್ಪಂಜು ಕುಡಿದು ಕುಳಿತಿತ್ತು. ನನಗಿಂತ ಮೊದಲು ಆ ಬೆಂಚಿನ ಮೇಲೆ ಚೆಲ್ಲಿದವರು ಯಾರು, ಚೆಲ್ಲಿದ್ದು ಏನು ಎಂಬ ಆಲೋಚನೆ ಬಂದಮೇಲೆ ಉಳಿದ ರಾತ್ರಿಗಳನ್ನು ನೆಲದ ಮೇಲೆ ಚಾಪೆ ಹಾಸಿ ಕಳೆದೆನು.

ರೆಕ್ಸಿನ್ ಸ್ವಭಾವತಃ ಕೆಟ್ಟ ವಸ್ತುವಲ್ಲ. ಹರಿಯದಿರುವಷ್ಟು ದಿನ ಅದು ನೀರನ್ನು ಒಳಬಿಡದು. ದೋಷವಿರುವುದು ಹೊಲಿಗೆಯಲ್ಲಿ. ಸೂಜಿ ಚುಚ್ಚಿದಲ್ಲೆಲ್ಲ ಒಂದು ಬಾವಿ, ಬಾವಿಗಳ ಕೆಳಗೆ ಸ್ಪಂಜೆಂಬ ಕೆರೆ. ಆದುದರಿಂದಲೇ ಈಗಿನ ಆಸ್ಪತ್ರೆಯ ಹಾಸಿಗೆಗಳಲ್ಲಿ ಅಂಚುಗಳನ್ನು ಹೊಲಿಯದೆ ಶಾಖದಿಂದ ಬೆಸೆಯುವುದೂ, ಜಿಪ್ಪಿನ ಮೇಲೆ ಮಳೆಗಾಲದ ಮಾಡಿನ ಇಳಿಜಾರಿನಂತೆ ಒಂದು ಮುಚ್ಚಳಪಟ್ಟಿಯನ್ನು ಇಳಿಬಿಡುವುದೂ ರೂಢಿಗೆ ಬಂದಿವೆ. ಇಷ್ಟಾಗಿಯೂ ಹೊದಿಕೆಯು ಬಹುಕಾಲ ಬಾಳುವುದೆಂದಲ್ಲ. ದಿನವೂ ಕ್ರಿಮಿನಾಶಕದಿಂದ ಒರೆಸಿಸಿಕೊಂಡ ವಿನೈಲು ತನ್ನ ಮಾರ್ದವವನ್ನು ಕಳೆದುಕೊಂಡು, ಜನರು ಹೆಚ್ಚಾಗಿ ಕೂರುವ ಅಂಚಿನಲ್ಲಿಯೇ ಮೊದಲು ಬಿರಿಯುತ್ತದೆ. ಬಿರಿದ ಹೊದಿಕೆಯನ್ನು ಬದಲಾಯಿಸಬೇಕೇ ವಿನಾ ಅಂಟಿಸಬಾರದು.

ಒರೆಸುವುದೆಂದರೇನು ಎಂಬುದನ್ನೂ ಇಲ್ಲಿಯೇ ನೋಡೋಣ. ರೋಗಾಣುವನ್ನು ಕೊಲ್ಲುವುದಕ್ಕೆ ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬಳಸುವುದು ಸೋಡಿಯಂ ಹೈಪೋಕ್ಲೋರೈಟ್; ನೆತ್ತರು ಚೆಲ್ಲಿದಲ್ಲಿ 1 ಪ್ರತಿಶತದ ದ್ರಾವಣ. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯ ಹತ್ತಿರದ ಬಂಧುವಿದು, ಸೆಮ್ಮೆಲ್‌ವೈಸನ ಸುಣ್ಣದ ನೀರಿನ ವಂಶದ್ದೇ. ಆದರೆ ಅದರ ಕ್ಲೋರಿನ್ ತೀರ ಅವಿವೇಕಿ: ಎದುರಿಗೆ ಸಿಕ್ಕ ಯಾವುದೇ ಸಾವಯವ ವಸ್ತುವಿನ ಮೇಲೆ, ಎಣ್ಣೆಜಿಡ್ಡಾಗಲಿ ಗಂಜಿಯ ಕಲೆಯಾಗಲಿ, ಎರಗಿ ತನ್ನ ಬಲವನ್ನೆಲ್ಲ ವ್ಯಯಮಾಡಿಕೊಳ್ಳುವುದು, ರೋಗಾಣುವಿನ ಪಾಲಿಗೆ ಉಳಿಯುವುದು ಅಲ್ಪ. ಆದಕಾರಣ ಮೊದಲು ಸಾಬೂನಿನ ನೀರು, ಆಮೇಲೆ ಸಾದಾ ನೀರು, ಕಡೆಯಲ್ಲಿ ಕ್ರಿಮಿನಾಶಕ. ಮೂರು ಬಕೆಟ್ಟಿನ ಪದ್ಧತಿಯೆಂದು ವಾರ್ಡುಗಳಲ್ಲಿ ಹೇಳುವುದು ಇದನ್ನೇ. ಒಣ ಹಿಡಿಸೂಡಿಗೆ ವಾರ್ಡಿನೊಳಗೆ ಪ್ರವೇಶವಿಲ್ಲ, ಏಕೆಂದರೆ ಅದು ನೆಲದ ಧೂಳನ್ನು ಮಂಚಕ್ಕೆ ವರ್ಗಾಯಿಸುವುದಷ್ಟೆ. ಇಷ್ಟೆಲ್ಲ ಮಾಡಿದರೂ ಬಟ್ಟೆಯು ಮುಟ್ಟದ ಸಂದಿನಲ್ಲಿ ಅಣುಜೀವಿಗಳು ತಮ್ಮದೇ ಅಂಟಿನಿಂದ ಪೊರೆಯೊಂದನ್ನು ನೇಯ್ದುಕೊಂಡು ಬದುಕಬಲ್ಲವು. 2012ರಲ್ಲಿ ಆಸ್ಟ್ರೇಲಿಯದ ಕರೆನ್ ವಿಕರಿ ಮತ್ತು ಸಂಗಡಿಗರು ತೀವ್ರನಿಗಾ ಘಟಕವೊಂದರ ವಸ್ತುಗಳನ್ನು, ಕೊನೆಯ ಸಂಪೂರ್ಣ ಶುದ್ಧೀಕರಣವಾದ ಮೇಲೆ, ಕತ್ತರಿಸಿ ಪರೀಕ್ಷಿಸಿದಾಗ, ಅಂಥ ಪೊರೆಯೊಳಗೆ ಔಷಧಕ್ಕೆ ಬಗ್ಗದ ಜೀವಿಗಳು ಇನ್ನೂ ಸಜೀವವಾಗಿದ್ದವು.

ನಮ್ಮ ಕರಾವಳಿಯ ವಿಶೇಷ ತೊಡಕೊಂದಿದೆ. ಬಯಲುಸೀಮೆಯಲ್ಲಿ ಕುಳಿತು ಟೆಂಡರು ಬರೆಯುವವರ ಲಕ್ಷ್ಯಕ್ಕೆ ಅದು ಸುಲಭವಾಗಿ ಬಾರದು. ಮರವಂತೆಯಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ಆ ಚೆಲುವನ್ನು ನೋಡಲು ಬರುವವರು ಅಲ್ಲಿಯ ಗೇಟುಗಳನ್ನೂ ಕಿಟಕಿಯ ಸರಳುಗಳನ್ನೂ ಒಮ್ಮೆ ನೋಡಬೇಕು. ಕಡಲಗಾಳಿಯ ಉಪ್ಪು, ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸಿನ ಮಳೆ, ಇವೆರಡರ ನಡುವೆ ಬಣ್ಣ ಬಳಿದ ಕಬ್ಬಿಣದ ಮಂಚವು ಒಂದೆರಡು ಮಳೆಗಾಲಗಳಲ್ಲಿಯೇ ಬೆಸುಗೆಯ ಸ್ಥಳಗಳಲ್ಲಿ ಗುಳ್ಳೆ ಏಳುತ್ತದೆ, ಗುಳ್ಳೆ ಒಡೆದು ತುಕ್ಕು ಹುಡಿಯಾಗಿ ಉದುರುತ್ತದೆ, ಉದುರಿದಲ್ಲಿ ಮೇಲ್ಮೈಯು ಬೋಳುಗುಡ್ಡದಂತೆ ಒರಟಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲು ಇದಕ್ಕೆ ಪರಿಹಾರವೆಂದು ನಂಬುವವರು ಅದರ ಗುಟ್ಟನ್ನು ತಿಳಿದಿರಬೇಕು. ಅದರಲ್ಲಿರುವ ಕ್ರೋಮಿಯಮ್ ಗಾಳಿಯ ಆಮ್ಲಜನಕದೊಡನೆ ಕೂಡಿ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಕವಚವೊಂದನ್ನು ತೊಡಿಸುತ್ತದೆ. ಗೀರಿದರೆ ಕವಚವು ತಾನಾಗಿಯೇ ಮತ್ತೆ ಬೆಳೆಯುತ್ತದೆ. ಈ ಕವಚಕ್ಕೆ ಪರಮವೈರಿಯೆಂದರೆ ಕ್ಲೋರೈಡ್. ಕಡಲಿನ ಉಪ್ಪಿನಲ್ಲಿರುವುದೂ ಅದೇ, ಹೈಪೋಕ್ಲೋರೈಟು ಒಣಗಿದಮೇಲೆ ಉಳಿಯುವುದೂ ಅದೇ. ರೋಗಾಣುವನ್ನು ಕೊಲ್ಲಲೆಂದು ಬಳಿದ ಮದ್ದು ಹೀಗೆ ಉಕ್ಕಿನಲ್ಲಿ ಸೂಜಿಮೊನೆಯ ಕುಳಿಗಳನ್ನು ಕೊರೆದು, ಮುಂದಿನ ರೋಗಾಣುವಿಗೆ ಮನೆ ಕಟ್ಟಿಕೊಡುತ್ತದೆ.

ಪಾತ್ರೆಯಂಗಡಿಯ ಸಾಮಾನ್ಯ ಉತ್ತಮ ಸ್ಟೀಲು 304 ಎಂಬ ಜಾತಿಯದು, 18 ಪಾಲು ಕ್ರೋಮಿಯಮ್, 8 ಪಾಲು ನಿಕ್ಕಲ್. 316 ಎಂಬುದರಲ್ಲಿ ಇವುಗಳ ಜೊತೆಗೆ 2ರಿಂದ 3 ಪಾಲು ಮಾಲಿಬ್ಡಿನಮ್ ಸೇರಿರುವುದರಿಂದ ಅದು ಕ್ಲೋರೈಡಿಗೆ ಹೆಚ್ಚು ತಾಳುತ್ತದೆ. ಬೆಲೆಯೂ ಹಾಗೆಯೇ ಹೆಚ್ಚು. ಎಲ್ಲ ಮಂಚಗಳನ್ನೂ 316ರಲ್ಲಿ ಮಾಡಿಸೆಂದು ಸರಕಾರಿ ಆಸ್ಪತ್ರೆಗೆ ಉಪದೇಶಿಸುವುದು ವಿವೇಕವಲ್ಲ. ಶಸ್ತ್ರಕ್ರಿಯೆಯ ಕೋಣೆಗೂ ಹೆರಿಗೆಯ ಮೇಜಿಗೂ ಅದಿರಲಿ. ಉಳಿದಲ್ಲಿ ಕ್ರಿಮಿನಾಶಕ ಬಳಿದು ಹತ್ತು ನಿಮಿಷ ಬಿಟ್ಟು ಸಾದಾ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿದರೆ 304 ಕೂಡ ಬಹುಕಾಲ ಬಾಳುತ್ತದೆ. ಆ ಕಡೆಯ ಒರೆಸುವಿಕೆಯನ್ನೇ ಅವಸರದಲ್ಲಿ ಬಿಟ್ಟುಬಿಡುವುದು.

ಪ್ಲೈವುಡ್ಡಿನ ಮೇಲೆ ಸನ್‌ಮೈಕಾ ಅಂಟಿಸಿದ ಲಾಕರಿನ ಬಗ್ಗೆ ಹೆಚ್ಚು ಹೇಳಲಾರೆ. ಅದರ ಮುಖ ಸುಂದರ, ಅಂಚು ದುರ್ಬಲ. ಆಷಾಢದ ತೇವಕ್ಕೆ ಅಂಚಿನ ಪಟ್ಟಿ ಬಿಟ್ಟುಕೊಂಡೊಡನೆ ಒಳಗಿನ ಮರ ನೆನೆದ ಅವಲಕ್ಕಿಯಂತೆ ಉಬ್ಬುತ್ತದೆ. ಹಿತ್ತಾಳೆಯ ಬಗ್ಗೆ ಮಾತ್ರ ನಾಲ್ಕು ಮಾತನ್ನು ಹೇಳದೆ ಬಿಡಲಾರೆ. 1983ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದ ಒಂದು ಆಸ್ಪತ್ರೆಯಲ್ಲಿ ಫಿಲಿಸ್ ಕುನ್ ಎಂಬಾಕೆ ಬಾಗಿಲಿನ ಹಿಡಿಗಳನ್ನು ಪರೀಕ್ಷಿಸಿದಾಗ, ಥಳಥಳಿಸುತ್ತಿದ್ದ ಸ್ಟೇನ್‌ಲೆಸ್ ಸ್ಟೀಲಿನ ಹಿಡಿಗಳ ಮೇಲೆ ಬ್ಯಾಕ್ಟೀರಿಯಗಳು ದಟ್ಟವಾಗಿಯೂ, ಮಂಕಾದ ಹಿತ್ತಾಳೆಯ ಹಿಡಿಗಳ ಮೇಲೆ ಅತಿವಿರಳವಾಗಿಯೂ ಕಂಡುಬಂದವು. ತಾಮ್ರದ ಅಯಾನುಗಳು ಅಣುಜೀವಿಯ ಕೋಶಪೊರೆಯನ್ನು ಭೇದಿಸಿ ಒಳಗಿನ ಪ್ರೋಟೀನುಗಳನ್ನು ಕೆಡಿಸುವುದೇ ಇದಕ್ಕೆ ಕಾರಣ. 2008ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ತಾಮ್ರದ ಮಿಶ್ರಲೋಹಗಳನ್ನು ಬ್ಯಾಕ್ಟೀರಿಯನಾಶಕ ಮೇಲ್ಮೈಗಳೆಂದು ನೋಂದಾಯಿಸಿಕೊಂಡಿತು. ನಮ್ಮ ಮನೆಗಳಲ್ಲಿದ್ದ ಹಿತ್ತಾಳೆಯ ಚಿಲಕ, ತಾಮ್ರದ ಕೊಡಪಾನಗಳನ್ನು ತೂಕಕ್ಕೆ ಮಾರಿ ಸ್ಟೀಲನ್ನು ಹೊತ್ತು ತಂದವರಲ್ಲಿ ನಾನೂ ಒಬ್ಬನೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆದರೂ ಹಿತ್ತಾಳೆಯ ಮೇಲೆ ಜಿಡ್ಡು ಕಟ್ಟಿದರೆ ಅಯಾನು ಅಣುಜೀವಿಯನ್ನು ಮುಟ್ಟಲಾರದು. ಒರೆಸುವ ಕೆಲಸದಿಂದ ಅದೂ ಬಿಡುಗಡೆ ಕೊಡದು.

ಹಾಗಾದರೆ ಕಾಯುವವರು ಕೂರಲು ಯಾವುದು ಉತ್ತಮ? ನನ್ನ ಉತ್ತರವನ್ನು ಕೇಳಿ ವೈದ್ಯಮಿತ್ರರು ನಕ್ಕದ್ದುಂಟು: ಮದುವೆಯ ಚಪ್ಪರದಲ್ಲಿಯೂ ಯಕ್ಷಗಾನದ ಬಯಲಿನಲ್ಲಿಯೂ ಶಾಮಿಯಾನದವರು ಲಾರಿಯಿಂದ ಇಳಿಸಿ ಸಾಲಿಡುವ ಪ್ಲಾಸ್ಟಿಕ್ ಕುರ್ಚಿ. ಕಾಯಿಸಿದ ಪಾಲಿಪ್ರೊಪಿಲೀನನ್ನು ಒಂದೇ ಅಚ್ಚಿಗೆ ಒಮ್ಮೆಗೇ ಒತ್ತಿ ತೆಗೆದದ್ದು. ಮೊಳೆಯಿಲ್ಲ, ಹೊಲಿಗೆಯಿಲ್ಲ, ಬೆಸುಗೆಯಿಲ್ಲ, ತುಕ್ಕೆಂಬ ಮಾತೇ ಇಲ್ಲ, ಕ್ಲೋರಿನ್ನಿಗೂ ಬೇಗ ಅಂಜದು. ಒರಗಿನಲ್ಲಿ ಜಾಲರಿಯ ಚಿತ್ತಾರವಿಲ್ಲದ, ನಯವಾದ ಮೈಯ ಕುರ್ಚಿಯನ್ನು ಆರಿಸಿಕೊಂಡು, ಬಿಸಿಲು ತಿಂದು ಹುಡಿಹುಡಿಯಾಗತೊಡಗಿದೊಡನೆ ತೆಗೆದುಹಾಕುವುದಾದರೆ, ಅದರ ಬೆಲೆಯ ಹತ್ತು ಪಟ್ಟು ಕೊಟ್ಟು ತಂದ ಸೋಫಾ ಅದರ ಸಮಕ್ಕೆ ಬಾರದು. ವಯಸ್ಸಾದವರಿಗೆ ಕೈ ಊರಿ ಏಳಲು ಗಟ್ಟಿಯಾದ ಕೈಹಿಡಿಯುಳ್ಳದ್ದೇ ಬೇಕು.

ಪೀಠವನ್ನು ಆರಿಸುವವರಾರು ಎಂಬ ಪ್ರಶ್ನೆಯು ಇವೆಲ್ಲಕ್ಕಿಂತ ಮುಖ್ಯವಾದುದು. 2015ರಲ್ಲಿ ಭಾರತ ಸರಕಾರವು ಆರಂಭಿಸಿದ ಕಾಯಕಲ್ಪ ಯೋಜನೆಯು ಸರಕಾರಿ ಆಸ್ಪತ್ರೆಗಳ ನೈರ್ಮಲ್ಯಕ್ಕೆ ಅಂಕಗಳನ್ನೂ ಬಹುಮಾನಗಳನ್ನೂ ಏರ್ಪಡಿಸಿ ಒಳ್ಳೆಯದನ್ನೇ ಮಾಡಿದೆ. ಆದರೆ ಖರೀದಿಯ ಕಾಗದಕ್ಕೆ ಸಹಿಮಾಡುವ ಕೈಗೂ ಒರೆಸುವ ಬಟ್ಟೆಯನ್ನು ಹಿಂಡುವ ಕೈಗೂ ಭೇಟಿಯಾಗುವುದು ವಿರಳ. ಅಮೆರಿಕದ ಫಿಲಿಪ್ ಕಾರ್ಲಿಂಗ್ ಎಂಬ ವೈದ್ಯರು, ಬರಿಗಣ್ಣಿಗೆ ಕಾಣದ, ವಿಶೇಷ ದೀಪದಲ್ಲಿ ಮಾತ್ರ ಹೊಳೆಯುವ ಗುರುತನ್ನು 23 ಆಸ್ಪತ್ರೆಗಳ ಕಂಬಿ, ಹಿಡಿ, ಮೇಜುಗಳಿಗೆ ಹಚ್ಚಿ, ಶುಚಿಮಾಡಿದ ಮೇಲೆ ಹೋಗಿ ನೋಡಿದರೆ, ಅರ್ಧಕ್ಕಿಂತಲೂ ಹೆಚ್ಚು ಗುರುತುಗಳು ಹಾಗೆಯೇ ಉಳಿದಿದ್ದವು. ಇದನ್ನು ಸೋಮಾರಿತನವೆಂದು ಓದುವವರೊಡನೆ ನನಗೆ ಸಹಮತವಿಲ್ಲ. ಕೈ ಹೋಗದ ಕಡೆ ಬಟ್ಟೆಯೂ ಹೋಗದು; ಒಂದು ಮಂಚಕ್ಕೆ ಕೆಲವೇ ನಿಮಿಷ ದೊರೆಯುವಲ್ಲಿ, ಬಗ್ಗಿ ನೋಡಬೇಕಾದ ಸಂದು ಬಗ್ಗದವರಿಗೆ ಇಲ್ಲದಂತೆಯೇ.

ಭಾವನವರ ವಾರ್ಡಿನ ಆಯಾ, ನಾನು ಶಾಲೆಯಲ್ಲಿ ಪಾಠ ಹೇಳಿದವನೆಂದು ತಿಳಿದಮೇಲೆ, ಮಾತಿಗೆ ಸಿಗತೊಡಗಿದ್ದಳು. ಬಿಡುಗಡೆಯ ದಿನ, ಹೊಸದಾಗಿ ಬಂದಿದ್ದ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳನ್ನು ಮೆಚ್ಚಿ, ಇನ್ನು ನಿಮಗೆ ಕೆಲಸ ಹಗುರವಾಯಿತಲ್ಲ ಎಂದೆ.

"ಮೇಲಿಂದ್ ಕಂಡ್ರೆ ಎಂತ ಗೊತ್ತಾತ್ತ್, ಮಾಷ್ಟ್ರೇ? ಅಡಿ ಕಾಣಿ," ಎಂದವಳೇ ಒಂದನ್ನು ಎತ್ತಿ ಮಗುಚಿ ಹಾಕಿದಳು. ಆಸನದ ಕೆಳಗೆ, ಬಲಕ್ಕೆಂದು ಅಚ್ಚಿನಲ್ಲಿಯೇ ಬಿಟ್ಟಿದ್ದ ಅಡ್ಡಪಟ್ಟಿಗಳ ನಡುವಣ ಚೌಕಗಳಲ್ಲಿ, ನಾಲ್ಕೇ ದಿನಕ್ಕೆ ಕೂದಲು, ಹತ್ತಿಯ ಎಳೆ, ಬಿಸ್ಕತ್ತಿನ ಹುಡಿ ಸೇರಿಕೊಂಡಿದ್ದವು. ಟೊಳ್ಳು ಕಾಲೊಂದರಿಂದ ಒರೆಸಿದ ನೀರು ತೊಟ್ಟಿಕ್ಕಿತು. ಅವಳು ಬಟ್ಟೆಯ ತುದಿಯನ್ನು ತೋರುಬೆರಳಿಗೆ ಸುತ್ತಿಕೊಂಡು ಚೌಕಚೌಕಕ್ಕೂ ಒಂದೊಂದು ಸುತ್ತು ತಿರುವಿ, ನಾಲ್ಕು ಕುರ್ಚಿಗಳನ್ನೂ ಎರಡೆರಡಾಗಿ ಎತ್ತಿ ಹೊರಗಿನ ಜಗಲಿಗೆ ಒಯ್ದು, ಕಾಲು ಮೇಲಾಗಿ ಬಿಸಿಲಿಗೆ ಒರಗಿಸಿಟ್ಟಳು.